ಮಿಠಾಯಿ ಅಂಗಡಿಯ ತೆರಿಗೆ, ಮಕ್ಕಳ ಹಲ್ಲಿನ ಆಸ್ಪತ್ರೆ

ನಗರಸಭೆಯ ಮುಂಗಡಪತ್ರ ಎಂದರೆ ಬಹುಪಾಲು ಜನರಿಗೆ ಆಕಳಿಕೆ ತರಿಸುವ ವಸ್ತು. ಚರಂಡಿಗೆ ಇಷ್ಟು, ಬೀದಿ ದೀಪಕ್ಕೆ ಇಷ್ಟು, ಉದ್ಯಾನಕ್ಕೆ ಇಷ್ಟು ಎಂಬ ಪಟ್ಟಿ ಪತ್ರಿಕೆಗಳಲ್ಲಿ ಒಂದು ದಿನ ಕಾಣಿಸಿಕೊಂಡು ಮರುದಿನ ಮರೆತುಹೋಗುತ್ತದೆ. ಖರ್ಚಿನ ಬಗ್ಗೆಯಾದರೂ ಒಂದಿಷ್ಟು ವಾದ ವಿವಾದ ನಡೆಯುವುದುಂಟು. ಆ ಹಣ ಯಾರ ಜೇಬಿನಿಂದ ಬರುತ್ತದೆ, ಅದನ್ನು ಎತ್ತುವ ಅಧಿಕಾರ ಯಾರ ಕೈಯಲ್ಲಿದೆ ಎಂಬ ಪುಟವನ್ನು ತಿರುವಿ ನೋಡುವವರು ಕಡಿಮೆ. ಆದರೆ ಆ ಪುಟವೇ ಒಂದು ನಗರದ ಏಳುಬೀಳನ್ನು ನಿರ್ಧರಿಸಿದ ಉದಾಹರಣೆ ಇತಿಹಾಸದಲ್ಲಿದೆ. ಅದು ಆಸ್ಟ್ರಿಯಾದ ರಾಜಧಾನಿ ವಿಯೆನ್ನಾ. ಕಾಲ 1919ರಿಂದ 1934.

ಆ ವರ್ಷಗಳ ಬಹುಭಾಗ ನಗರದ ಹಣಕಾಸಿನ ಹೊಣೆ ಹೊತ್ತಿದ್ದವರು ಹ್ಯೂಗೊ ಬ್ರೈಟ್ನರ್. ತಮ್ಮ ಮುಂಗಡಪತ್ರವನ್ನು ಅವರು ಜನರಿಗೆ ವಿವರಿಸುತ್ತಿದ್ದ ರೀತಿ ವಿಶಿಷ್ಟವಾಗಿತ್ತು. ಮಕ್ಕಳ ಆಸ್ಪತ್ರೆಗಳು ನಡೆಯುವುದು ಫುಟ್‌ಬಾಲ್ ಪಂದ್ಯಗಳ ಮೇಲಿನ ತೆರಿಗೆಯಿಂದ. ಶಾಲಾ ಮಕ್ಕಳ ಹಲ್ಲಿನ ಚಿಕಿತ್ಸಾಲಯಗಳ ಖರ್ಚನ್ನು ಕೊಡುವವರು ಊರಿನ ನಾಲ್ಕು ದೊಡ್ಡ ಮಿಠಾಯಿ ಅಂಗಡಿಗಳವರು. ಶಾಲಾ ವೈದ್ಯರ ಸಂಬಳ ಬರುವುದು ಸಾಖರ್ ಹೋಟೆಲಿನ ಊಟದ ಮೇಲಿನ ತೆರಿಗೆಯಿಂದ. ಮಕ್ಕಳ ಈಜುಕೊಳಗಳಿಗೆ ಇನ್ನು ಮೂರು ಭಾರಿ ಹೋಟೆಲುಗಳ ತೆರಿಗೆ. ಹೆರಿಗೆ ಮನೆಯನ್ನು ಕಟ್ಟಿದ್ದು ಗಂಟೆ ಲೆಕ್ಕದಲ್ಲಿ ಕೋಣೆ ಕೊಡುವ ಹೋಟೆಲುಗಳ ತೆರಿಗೆಯಿಂದ, ಅದು ನಡೆಯುತ್ತಿರುವುದು ಕುದುರೆ ರೇಸಿನ ತೆರಿಗೆಯಿಂದ. ಹೀಗಿತ್ತು ಅವರ ಲೆಕ್ಕ. ಇದರಲ್ಲಿ ಚಟಾಕಿಯೂ ಇತ್ತು, ಚುಚ್ಚುಮಾತೂ ಇತ್ತು. ಆದರೆ ಯಾರಿಂದ ಪಡೆದು ಯಾರಿಗೆ ಕೊಡಲಾಗುತ್ತಿದೆ ಎಂಬುದನ್ನು ಇಷ್ಟು ನೇರವಾಗಿ ಹೇಳುವ ಆಡಳಿತಗಾರರು ಎಲ್ಲ ಕಾಲದಲ್ಲೂ ಅಪರೂಪವೇ.

ಹಾಸಿಗೆಗೂ ಬಾಡಿಗೆ

ಮೊದಲ ಮಹಾಯುದ್ಧಕ್ಕೆ ಮುನ್ನ ವಿಯೆನ್ನಾ ಐದು ಕೋಟಿಗೂ ಹೆಚ್ಚು ಜನರಿದ್ದ ಸಾಮ್ರಾಜ್ಯದ ರಾಜಧಾನಿ. ಅದರ ಜನಸಂಖ್ಯೆ 1910ರ ವೇಳೆಗೆ 20 ಲಕ್ಷ ಮೀರಿತ್ತು. ಅರಮನೆ, ಸಂಗೀತ, ಕಾಫಿ ಹೌಸುಗಳಿಗೆ ಹೆಸರಾದ ಈ ಊರಿಗೆ ಇನ್ನೊಂದು ಮುಖವೂ ಇತ್ತು. ಸಾಮ್ರಾಜ್ಯದ ಮೂಲೆಮೂಲೆಗಳಿಂದ ಕೆಲಸ ಹುಡುಕಿಕೊಂಡು ಬಂದ ಕಾರ್ಮಿಕರು ಖಾಸಗಿ ಮಾಲೀಕರು ಕಟ್ಟಿಸಿದ್ದ ದೊಡ್ಡ ಬಾಡಿಗೆ ಕಟ್ಟಡಗಳಲ್ಲಿ ತುಂಬಿಕೊಂಡಿದ್ದರು. ಸಾಮಾನ್ಯ ಕಾರ್ಮಿಕನ ಮನೆ ಎಂದರೆ ಒಂದು ಅಡುಗೆಮನೆ, ಒಂದು ಕೋಣೆ. ನೀರಿನ ನಲ್ಲಿ ಮತ್ತು ಪಾಯಿಖಾನೆ ಹೊರಗಿನ ಓಣಿಯಲ್ಲಿ, ಅದೂ ಹಲವು ಸಂಸಾರಗಳಿಗೆ ಸೇರಿ ಒಂದು. ಬಾಡಿಗೆ ಹೊರೆ ತಾಳಲಾರದೆ ಅಂಥ ಮನೆಯಲ್ಲೇ ಹೊರಗಿನವರಿಗೆ ಹಾಸಿಗೆಯನ್ನು ಗಂಟೆ ಲೆಕ್ಕದಲ್ಲಿ ಬಾಡಿಗೆಗೆ ಕೊಡುವ ಪದ್ಧತಿ ಇತ್ತು. ರಾತ್ರಿ ಪಾಳಿಯವನು ಹಗಲು ಮಲಗಿ ಎದ್ದ ಹಾಸಿಗೆಯಲ್ಲಿ ಹಗಲು ಪಾಳಿಯವನು ರಾತ್ರಿ ಮಲಗುತ್ತಿದ್ದ. ಕ್ಷಯರೋಗಕ್ಕೆ 'ವಿಯೆನ್ನಾ ರೋಗ' ಎಂಬ ಅಡ್ಡಹೆಸರು ಬಂದದ್ದು ಸುಮ್ಮನೆ ಅಲ್ಲ.

1918ರಲ್ಲಿ ಯುದ್ಧ ಮುಗಿಯಿತು. ಅದರೊಂದಿಗೆ ಸಾಮ್ರಾಜ್ಯವೂ ಮುಗಿಯಿತು. ಉಳಿದದ್ದು ಸುಮಾರು 65 ಲಕ್ಷ ಜನರ ಪುಟ್ಟ ಆಸ್ಟ್ರಿಯಾ, ಅದರ ತಲೆಯ ಮೇಲೆ ವಿಯೆನ್ನಾದಂಥ ಭಾರಿ ನಗರ. ಕಲ್ಲಿದ್ದಲು ಬರುತ್ತಿದ್ದ ಗಣಿಗಳು, ಧಾನ್ಯ ಬರುತ್ತಿದ್ದ ಬಯಲುಗಳು ಈಗ ಬೇರೆ ದೇಶಗಳ ಪಾಲಾಗಿದ್ದವು. ಹಸಿವಿನಿಂದ ಕಂಗೆಟ್ಟ ಜನ ನಗರದಂಚಿನ ಖಾಲಿ ಜಾಗಗಳನ್ನು ಹಿಡಿದು ತರಕಾರಿ ಬೆಳೆದುಕೊಂಡು, ಗುಡಿಸಲು ಹಾಕಿಕೊಂಡರು.

ಈ ಸ್ಥಿತಿಯಲ್ಲಿ 1919ರ ಮೇ 4ರಂದು ನಗರಸಭೆಗೆ ಚುನಾವಣೆ ನಡೆಯಿತು. ಹೆಂಗಸರೂ ಸೇರಿ ಎಲ್ಲ ವಯಸ್ಕರಿಗೂ ಸಮಾನ ಮತ ಸಿಕ್ಕ ಮೊದಲ ನಗರಸಭಾ ಚುನಾವಣೆ ಅದು. 165 ಸ್ಥಾನಗಳಲ್ಲಿ 100 ಸೋಷಿಯಲ್ ಡೆಮಾಕ್ರಾಟ್ ಪಕ್ಷಕ್ಕೆ ಬಂದವು. ಯಾಕೊಬ್ ರಾಯ್‌ಮನ್ ಮೇಯರ್ ಆದರು. 1923ರಲ್ಲಿ ಅವರ ಸ್ಥಾನಕ್ಕೆ ಬಂದ ಕಾರ್ಲ್ ಸೈಟ್ಸ್ 1934ರವರೆಗೆ ಆ ಹುದ್ದೆಯಲ್ಲಿದ್ದರು. ಮುಂದೆ ಈ ಕಾಲಕ್ಕೆ 'ಕೆಂಪು ವಿಯೆನ್ನಾ' ಎಂಬ ಹೆಸರೇ ನಿಂತಿತು.

ಬ್ಯಾಂಕಿನಿಂದ ಬಂದ ಲೆಕ್ಕಿಗ

ಬ್ರೈಟ್ನರ್ ಬೀದಿ ಭಾಷಣಗಳಿಂದ ಮೇಲೆ ಬಂದ ನಾಯಕರಲ್ಲ. ರಾಜಕೀಯಕ್ಕೆ ಬರುವ ಮುನ್ನ ಅವರು ವಿಯೆನ್ನಾದ ದೊಡ್ಡ ಬ್ಯಾಂಕುಗಳಲ್ಲಿ ಒಂದಾದ ಲ್ಯಾಂಡರ್‌ಬ್ಯಾಂಕಿನ ನಿರ್ದೇಶಕರು. ಹಣದ ಹರಿವು ಹೇಗೆ ಎಂಬುದನ್ನು ಒಳಗಿನಿಂದ ಬಲ್ಲವರು. ಯುದ್ಧಾನಂತರದ ಹಣದುಬ್ಬರದಲ್ಲಿ ಆಸ್ಟ್ರಿಯಾದ ನಾಣ್ಯ ಕಾಗದದ ಚೂರಾಯಿತು. ಅದರೊಂದಿಗೆ ನಗರದ ಹಳೆಯ ಸಾಲಗಳೂ ಕರಗಿಹೋದವು. ಹೊಸ ಸಾಲ ಮಾಡುವ ಬದಲು ಆಯಾ ವರ್ಷದ ತೆರಿಗೆಯಲ್ಲೇ ಆಯಾ ವರ್ಷದ ಕೆಲಸ ಮಾಡಬೇಕೆಂಬುದು ಬ್ರೈಟ್ನರ್ ಹಿಡಿದ ದಾರಿ.

ಆದರೆ ತೆರಿಗೆ ಹಾಕಲು ಅಧಿಕಾರ ಬೇಕಲ್ಲ? ಅಲ್ಲಿಗೆ ಸಂವಿಧಾನ ನೆರವಾಯಿತು. ಆಸ್ಟ್ರಿಯಾ ಪ್ರಾಂತ್ಯಗಳ ಒಕ್ಕೂಟ. 1922ರ ಜನವರಿ 1ರಿಂದ ವಿಯೆನ್ನಾ ತನ್ನ ಸುತ್ತಲಿನ ಲೋವರ್ ಆಸ್ಟ್ರಿಯಾದಿಂದ ಪೂರ್ತಿ ಬೇರ್ಪಟ್ಟು ತಾನೇ ಒಂದು ಪ್ರಾಂತ್ಯವಾಯಿತು. ಒಂದೇ ಸಭೆ ನಗರಸಭೆಯೂ ಹೌದು, ಪ್ರಾಂತ್ಯದ ಶಾಸನಸಭೆಯೂ ಹೌದು. ಹಾಗಾಗಿ ಸ್ವಂತ ತೆರಿಗೆ ಕಾನೂನು ಮಾಡುವ ಹಕ್ಕು ಬಂತು. ಜೊತೆಗೆ ಕೇಂದ್ರ ಸಂಗ್ರಹಿಸುವ ತೆರಿಗೆಗಳಲ್ಲಿ ಪ್ರಾಂತ್ಯವಾಗಿಯೂ ನಗರವಾಗಿಯೂ ಪಾಲು ಸಿಗತೊಡಗಿತು. ಈ ಕಾನೂನುಗಳನ್ನು ರೂಪಿಸಿದವರಲ್ಲಿ ಪ್ರಮುಖರು ರಾಬರ್ಟ್ ಡಾನೆಬರ್ಗ್ ಎಂಬ ವಕೀಲರು.

ಬ್ರೈಟ್ನರ್ ವಿಧಿಸಿದ ತೆರಿಗೆಗಳ ಪಟ್ಟಿ ಉದ್ದವಾದದ್ದು. ಮೋಟಾರು ಕಾರು, ರೇಸ್ ಕುದುರೆ, ನಾಯಿ, ಷಾಂಪೇನ್, ಐಷಾರಾಮಿ ಹೋಟೆಲಿನ ಊಟ, ಸಿನಿಮಾ, ನೃತ್ಯಕೂಟ ಎಲ್ಲಕ್ಕೂ ತೆರಿಗೆ. ಮನೆಯಲ್ಲಿ ಒಬ್ಬ ಆಳಿದ್ದರೆ ತೆರಿಗೆಯಿಲ್ಲ. ಎರಡನೆಯವರಿಂದ ಶುರುವಾಗಿ ಆಳುಗಳು ಹೆಚ್ಚಿದಷ್ಟೂ ದರ ಏರುತ್ತಿತ್ತು. ಉದ್ಯೋಗದಾತರು ಕೊಡುವ ಒಟ್ಟು ಸಂಬಳದ ಮೇಲೆ 'ಯೋಗಕ್ಷೇಮ ತೆರಿಗೆ' ಇತ್ತು.

ಎಲ್ಲಕ್ಕಿಂತ ಹೆಸರಾದದ್ದು 1923ರ ಆರಂಭದಲ್ಲಿ ಬಂದ ಮನೆ ನಿರ್ಮಾಣ ತೆರಿಗೆ. ಯುದ್ಧಕ್ಕೆ ಮುನ್ನ ಒಂದು ಮನೆಗೆ ಅಥವಾ ಅಂಗಡಿಗೆ ಇದ್ದ ಬಾಡಿಗೆಯ ಆಧಾರದ ಮೇಲೆ ಇದನ್ನು ಲೆಕ್ಕ ಹಾಕಲಾಗುತ್ತಿತ್ತು. ಎಲ್ಲರೂ ಕೊಡಬೇಕು, ಆದರೆ ಕೂಲಿಕಾರನ ಮನೆಗೆ ಬೀಳುತ್ತಿದ್ದುದು ಅತ್ಯಲ್ಪ, ಬಂಗಲೆಗೆ ಹತ್ತಾರು ಪಟ್ಟು ಹೆಚ್ಚಿನ ದರ. ಪಟ್ಟಿಯ ತುದಿಯಲ್ಲಿದ್ದ ಶೇ ಅರ್ಧದಷ್ಟು ಅತಿ ದುಬಾರಿ ಆಸ್ತಿಗಳಿಂದಲೇ ಈ ತೆರಿಗೆಯ ಶೇ 45ರ ಸುಮಾರಿನಷ್ಟು ಹಣ ಬರುತ್ತಿತ್ತು. ಮತ ಹಾಕುವಾಗ ಲಕ್ಷಾಂತರ ಜನ, ತೆರಿಗೆ ಕೊಡುವಾಗ ಕೆಲವೇ ಸಾವಿರ ಜನ ಎಂದು ವಿರೋಧಿಗಳು ಸಿಟ್ಟಾದದ್ದರಲ್ಲಿ ಆಶ್ಚರ್ಯವಿಲ್ಲ.

ಸಾಲವಿಲ್ಲದೆ ಎದ್ದ ಮನೆಗಳು

ನಗರಸಭೆಯೇ ಮನೆ ಕಟ್ಟಲು ಏಕೆ ಇಳಿಯಿತು ಎಂಬುದಕ್ಕೆ ಆರ್ಥಿಕ ಕಾರಣವಿದೆ. ಯುದ್ಧಕಾಲದಲ್ಲಿ, 1917ರಲ್ಲಿ, ಸೈನಿಕರ ಕುಟುಂಬಗಳನ್ನು ಬೀದಿಗೆ ಹಾಕಬಾರದೆಂದು ಚಕ್ರಾಧಿಪತ್ಯದ ಸರ್ಕಾರವೇ ಬಾಡಿಗೆ ಏರಿಕೆಗೆ ತಡೆ ಹಾಕಿತ್ತು. ಹಣದುಬ್ಬರದಲ್ಲಿ ಆ ಬಾಡಿಗೆ ಹೆಸರಿಗೆ ಮಾತ್ರ ಉಳಿಯಿತು. 1922ರ ಬಾಡಿಗೆ ಕಾನೂನು ಈ ರಕ್ಷಣೆಯನ್ನು ಮುಂದುವರಿಸಿತು. ಇದರಿಂದ ಬಾಡಿಗೆದಾರರು ಬದುಕಿಕೊಂಡರು. ಆದರೆ ಮನೆ ಕಟ್ಟಿಸಿ ಬಾಡಿಗೆಗೆ ಕೊಡುವ ವ್ಯವಹಾರದಲ್ಲಿ ಲಾಭವಿಲ್ಲವಾಗಿ ಖಾಸಗಿಯವರು ಕಟ್ಟುವುದನ್ನೇ ನಿಲ್ಲಿಸಿದರು. ಅದೇ ಕಾರಣಕ್ಕೆ ನಿವೇಶನಗಳ ಬೆಲೆಯೂ ಕುಸಿಯಿತು. ನಗರಸಭೆ ಆ ಸಮಯ ನೋಡಿ ಜಮೀನನ್ನು ಅಗ್ಗಕ್ಕೆ ಕೊಂಡುಕೊಂಡಿತು.

ಐದು ವರ್ಷಗಳಲ್ಲಿ 25 ಸಾವಿರ ಮನೆ ಕಟ್ಟಬೇಕೆಂದು 1923ರಲ್ಲಿ ನಿರ್ಧಾರವಾಯಿತು. ಅವಧಿಗೆ ಮುನ್ನವೇ ಗುರಿ ಮುಟ್ಟಿತು. 1934ರ ವೇಳೆಗೆ ಒಟ್ಟು 60 ಸಾವಿರಕ್ಕೂ ಹೆಚ್ಚು ಮನೆಗಳು ಎದ್ದಿದ್ದವು. ಮನೆ ನಿರ್ಮಾಣ ತೆರಿಗೆಯಿಂದ ವೆಚ್ಚದ ಒಂದು ಭಾಗ ಮಾತ್ರ ಬರುತ್ತಿತ್ತು. ಉಳಿದದ್ದನ್ನು ಇತರ ತೆರಿಗೆಗಳಿಂದ ತುಂಬಿಸಲಾಗುತ್ತಿತ್ತು. ಸಾಲದ ಹಣವಲ್ಲವಾದ್ದರಿಂದ ಬಡ್ಡಿಯ ಮಾತಿಲ್ಲ. ಹಾಕಿದ ಬಂಡವಾಳವನ್ನು ಬಾಡಿಗೆಯಲ್ಲಿ ವಾಪಸು ಪಡೆಯುವ ಉದ್ದೇಶವೂ ಇರಲಿಲ್ಲ. ಕಟ್ಟಡದ ದುರಸ್ತಿ, ನಿರ್ವಹಣೆಗೆ ಸಾಲುವಷ್ಟು ಬಾಡಿಗೆ ಬಂದರೆ ಸಾಕು. ಹೀಗಾಗಿ ಕಾರ್ಮಿಕ ಕುಟುಂಬವೊಂದು ಬಾಡಿಗೆಗೆ ಕೊಡುತ್ತಿದ್ದುದು ಸಂಬಳದ ಶೇ 4ರ ಆಸುಪಾಸು.

ಈ ಕಟ್ಟಡಗಳನ್ನು ಅಲ್ಲಿ 'ಹೋಫ್' ಎನ್ನುತ್ತಾರೆ. ಅಂಗಳ ಎಂದು ಅರ್ಥ. ನಮ್ಮ ಹಳೆಯ ವಠಾರಗಳಂತೆ ನಡುವೆ ಅಂಗಳ, ಸುತ್ತ ಮನೆಗಳು. ಆದರೆ ಗಾತ್ರ ಮಾತ್ರ ಊರಿನಷ್ಟು. ಹಿಂದೆ ನಿವೇಶನದ ಶೇ 85ರವರೆಗೆ ಕಟ್ಟಲು ಅವಕಾಶವಿತ್ತು. ನಗರಸಭೆ ತನ್ನ ನಿವೇಶನಗಳಲ್ಲಿ ಅರ್ಧದಷ್ಟನ್ನಾದರೂ ಖಾಲಿ ಬಿಟ್ಟು ಗಿಡಮರ ಬೆಳೆಸಿತು. ಮನೆಗಳು ಚಿಕ್ಕವೇ. ಮೊದಲ ಹಂತದಲ್ಲಿ 38 ಅಥವಾ 48 ಚದರ ಮೀಟರ್. ಆದರೆ ಪ್ರತಿ ಮನೆಯೊಳಗೂ ನೀರು, ಪಾಯಿಖಾನೆ, ಬೆಳಕು ಬರುವ ಕಿಟಕಿ. ಸ್ನಾನದ ಮನೆ ಮಾತ್ರ ಸಾಮೂಹಿಕ. ಯಾರಿಗೆ ಮನೆ ಸಿಗಬೇಕೆಂಬುದಕ್ಕೆ ಅಂಕಗಳ ಪದ್ಧತಿ ಇತ್ತು.

ಇವುಗಳಲ್ಲಿ ಜಗತ್ಪ್ರಸಿದ್ಧವಾದದ್ದು ಕಾರ್ಲ್ ಏನ್ ಎಂಬ ವಾಸ್ತುಶಿಲ್ಪಿ ರೂಪಿಸಿದ, 1930ರಲ್ಲಿ ಉದ್ಘಾಟನೆಯಾದ ಕಾರ್ಲ್ ಮಾರ್ಕ್ಸ್ ಹೋಫ್. ಒಂದು ಕಿಲೋಮೀಟರಿಗೂ ಉದ್ದವಾದ ಈ ಕಟ್ಟಡದಲ್ಲಿ 1,382 ಮನೆಗಳು, ಸುಮಾರು ಐದು ಸಾವಿರ ಜನ. ಆದರೂ ಕಟ್ಟಡ ಆವರಿಸಿದ್ದು ನಿವೇಶನದ ಐದರಲ್ಲಿ ಒಂದು ಪಾಲಿಗಿಂತ ಕಡಿಮೆ ಜಾಗವನ್ನು. ಬಟ್ಟೆ ಒಗೆಯುವ ಯಂತ್ರಶಾಲೆಗಳು, ಸ್ನಾನಗೃಹಗಳು, ಶಿಶುವಿಹಾರ, ಹಲ್ಲಿನ ಚಿಕಿತ್ಸಾಲಯ, ತಾಯಂದಿರ ಸಲಹಾ ಕೇಂದ್ರ, ಗ್ರಂಥಾಲಯ, ಔಷಧದ ಅಂಗಡಿ, ಅಂಚೆ ಕಚೇರಿ ಎಲ್ಲವೂ ಆವರಣದೊಳಗೇ.

ತಾಯಿಗೊಂದು ಪೊಟ್ಟಣ

ಮನೆಯ ಜೊತೆಗೆ ಆರೋಗ್ಯ ಮತ್ತು ಮಕ್ಕಳ ಪಾಲನೆಯೂ ನಗರದ ಮುಂಗಡಪತ್ರದಲ್ಲಿ ಮೇಲಿನ ಸಾಲಿಗೆ ಬಂತು. ಇದರ ಹೊಣೆ ಹೊತ್ತವರು ಅಂಗರಚನಾ ಶಾಸ್ತ್ರದ ಪ್ರಾಧ್ಯಾಪಕ ಯೂಲಿಯುಸ್ ಟಾಂಡ್ಲರ್. ಬಡವರಿಗೆ ಮಾಡುವ ಸಹಾಯ ದಾನವಲ್ಲ, ಅದು ಅವರ ಹಕ್ಕು. ಮಕ್ಕಳ ಮೇಲೆ ಇಂದು ಹಾಕಿದ ಹಣ ನಾಳೆ ಆಸ್ಪತ್ರೆ ಮತ್ತು ಸೆರೆಮನೆಗಳ ಖರ್ಚಿನಲ್ಲಿ ಉಳಿಯುತ್ತದೆ ಎಂಬುದು ಅವರ ವಾದ. ಯುದ್ಧದ ಮುನ್ನಾ ದಿನಗಳಲ್ಲಿ ಇಪ್ಪತ್ತರ ಆಸುಪಾಸಿನಲ್ಲಿದ್ದ ನಗರಸಭೆಯ ಶಿಶುವಿಹಾರಗಳು 1930ರ ದಶಕದ ಆರಂಭದ ಹೊತ್ತಿಗೆ ನೂರು ದಾಟಿದವು. 1926ರಲ್ಲಿ ಅಮಾಲಿಯೆನ್‌ಬಾಡ್ ಎಂಬ ಭವ್ಯ ಸ್ನಾನಗೃಹ ಕಾರ್ಮಿಕರ ಬಡಾವಣೆಯ ನಡುವೆ ತೆರೆಯಿತು. 1927ರಿಂದ ಹೆರಿಗೆಯಾದ ತಾಯಿಗೆ ಮಗುವಿನ ಬಟ್ಟೆಬರೆಯ ಪೊಟ್ಟಣವೊಂದು ನಗರದ ಕಾಣಿಕೆಯಾಗಿ ಸಿಗತೊಡಗಿತು. ಯಾವ ಮಗುವೂ ಹಳೆಯ ಪತ್ರಿಕೆಯ ಕಾಗದದಲ್ಲಿ ಸುತ್ತಿಕೊಂಡು ಮನೆಗೆ ಹೋಗಬಾರದು ಎಂಬುದು ಅದರ ಹಿಂದಿನ ಮಾತು. ಕ್ಷಯದ ಸಾವುಗಳೂ ಶಿಶುಮರಣವೂ ಈ ವರ್ಷಗಳಲ್ಲಿ ಗಣನೀಯವಾಗಿ ಇಳಿದವು.

ಹಾಗೆಂದು ಎಲ್ಲವೂ ಹೊಗಳಿಕೆಗೆ ಅರ್ಹ ಎನ್ನಲಾಗದು. ನೆರವಿನೊಂದಿಗೆ ಕಣ್ಗಾವಲೂ ಬಂತು. ನಗರದ ಕಾರ್ಯಕರ್ತೆಯರು ಮನೆಮನೆಗೆ ಹೋಗಿ ಮಕ್ಕಳನ್ನು ಸಾಕುವ ರೀತಿ ಸರಿಯಿದೆಯೇ ಎಂದು ನೋಡುತ್ತಿದ್ದರು. ಸರಿಯಿಲ್ಲವೆಂದು ಕಂಡರೆ ಮಗುವನ್ನು ನಗರದ ವಶಕ್ಕೆ ಪಡೆಯುವ ಅಧಿಕಾರವಿತ್ತು. ಸ್ವತಃ ಟಾಂಡ್ಲರ್ ಬರಹಗಳಲ್ಲಿ ಮನುಷ್ಯರ 'ಗುಣಮಟ್ಟ'ವನ್ನು ಅಳೆಯುವ, ಇಂದು ಓದಿದರೆ ಮೈ ಜುಮ್ಮೆನ್ನುವ ವಿಚಾರಗಳಿವೆ. ಒಗೆಯುವ ಯಂತ್ರಶಾಲೆಗಳಿಗೆ ಗಂಡಸರಿಗೆ ಪ್ರವೇಶವಿರಲಿಲ್ಲ. ಬಟ್ಟೆ ಒಗೆಯುವುದು ಹೆಂಗಸಿನ ಕೆಲಸವೆಂಬುದನ್ನು ಕೆಂಪು ನಗರವೂ ಪ್ರಶ್ನಿಸಲಿಲ್ಲ. ಮನೆಗಳು ತೀರಾ ಚಿಕ್ಕವು ಎಂದು ವಾಸ್ತುಶಿಲ್ಪಿಗಳು, ಮನೆ ಹಂಚುವಾಗ ಪಕ್ಷದವರಿಗೆ ಮಣೆ ಹಾಕಲಾಗುತ್ತದೆ ಎಂದು ವಿರೋಧ ಪಕ್ಷದವರು ದೂರಿದರು. ಬಾಡಿಗೆಯನ್ನೇ ನಂಬಿಕೊಂಡಿದ್ದ ಸಣ್ಣಪುಟ್ಟ ಮನೆ ಮಾಲೀಕರ ಸಂಕಟವೂ ಸುಳ್ಳಲ್ಲ.

ಅಗ್ನಿಶಾಮಕ ನಗರದ್ದು, ಪೊಲೀಸ್ ಕೇಂದ್ರದ್ದು

ಮನೆ, ಶಾಲೆ, ಆಸ್ಪತ್ರೆಗಳ ಮೇಲೆ ನಗರಕ್ಕೆ ಹಿಡಿತವಿತ್ತು. ಆದರೆ ಸುರಕ್ಷತೆಯ ವಿಷಯದಲ್ಲಿ ಅರ್ಧ ಮಾತ್ರ. ಬೆಂಕಿ ಆರಿಸುವ ದಳ ನಗರಸಭೆಯದು; ಪೊಲೀಸರು ಕೇಂದ್ರ ಸರ್ಕಾರದವರು. ಕೇಂದ್ರದಲ್ಲಿ 1920ರಿಂದ ಆಳುತ್ತಿದ್ದುದು ಎದುರಾಳಿ ಕ್ರಿಶ್ಚಿಯನ್ ಸೋಷಿಯಲ್ ಪಕ್ಷ ಮತ್ತು ಅದರ ಮಿತ್ರರು. ಈ ಸೀಳು ಎಷ್ಟು ಅಪಾಯಕಾರಿ ಎಂಬುದು 1927ರ ಜುಲೈ 15ರಂದು ಗೊತ್ತಾಯಿತು.

ಶಾಟೆನ್‌ಡಾರ್ಫ್ ಎಂಬ ಹಳ್ಳಿಯಲ್ಲಿ ಒಬ್ಬ ಕಾರ್ಮಿಕ ಮತ್ತು ಒಬ್ಬ ಬಾಲಕನನ್ನು ಗುಂಡಿಟ್ಟು ಕೊಂದಿದ್ದ ಬಲಪಂಥೀಯರನ್ನು ನ್ಯಾಯಾಲಯ ಬಿಡುಗಡೆ ಮಾಡಿತ್ತು. ರೊಚ್ಚಿಗೆದ್ದ ಜನ ನ್ಯಾಯಭವನಕ್ಕೆ ಬೆಂಕಿ ಇಟ್ಟರು. ಮೇಯರ್ ಸೈಟ್ಸ್ ತಾವೇ ಅಗ್ನಿಶಾಮಕ ವಾಹನವೇರಿ, ದಾರಿ ಬಿಡಿ ಎಂದು ಗುಂಪನ್ನು ಬೇಡಿಕೊಂಡರು. ಜನ ದಾರಿ ಬಿಡಲಿಲ್ಲ. ಪೊಲೀಸರು ಗುಂಡು ಹಾರಿಸಿದರು. 80ಕ್ಕೂ ಹೆಚ್ಚು ಪ್ರತಿಭಟನಾಕಾರರು ಸತ್ತರು. ತನ್ನದೇ ಬೀದಿಯಲ್ಲಿ ತನ್ನದೇ ಜನ ಸಾಯುವಾಗ ಅಷ್ಟೆಲ್ಲ ಮನೆ ಕಟ್ಟಿದ್ದ ನಗರಸಭೆ ಕೈಕಟ್ಟಿ ನಿಲ್ಲಬೇಕಾಯಿತು. ಬಳಿಕ ನಗರಸಭೆ ತನ್ನದೇ ಒಂದು ಕಾವಲು ಪಡೆಯನ್ನು ಕಟ್ಟಿತಾದರೂ ಅದು ಪೊಲೀಸರಿಗೆ ಸಾಟಿಯಾಗುವಂಥದ್ದಲ್ಲ.

ಕೀಲಿಕೈ ಬದಲಾದಾಗ

ಪತನ ಮೊದಲು ಕಾಣಿಸಿದ್ದು ಲೆಕ್ಕದ ಪುಸ್ತಕದಲ್ಲಿ. ಐಷಾರಾಮದ ಮೇಲಿನ ತೆರಿಗೆಗೆ ಒಂದು ದೌರ್ಬಲ್ಯವಿದೆ: ಕಷ್ಟಕಾಲ ಬಂದರೆ ಜನ ಮೊದಲು ಬಿಡುವುದೇ ಐಷಾರಾಮವನ್ನು. 1929ರ ಜಾಗತಿಕ ಆರ್ಥಿಕ ಕುಸಿತ, 1931ರ ಮೇ ತಿಂಗಳಲ್ಲಿ ಆಸ್ಟ್ರಿಯಾದ ಅತಿ ದೊಡ್ಡ ಬ್ಯಾಂಕು ಕ್ರೆಡಿಟ್‌ಆನ್‌ಸ್ಟಾಲ್ಟ್ ಮುಳುಗಿದ್ದು, ಇವುಗಳಿಂದ ನಗರದ ಆದಾಯ ಕುಗ್ಗಿತು; ನಿರುದ್ಯೋಗಿಗಳ ಸಂಖ್ಯೆ ಏರಿತು. ಸಾಲ ಮಾಡದೆ ನಡೆಯುತ್ತಿದ್ದ ವ್ಯವಸ್ಥೆಗೆ ಬಿಕ್ಕಟ್ಟಿನ ಕಾಲಕ್ಕೆ ಒರಗಿಕೊಳ್ಳಲು ಬೇರೆ ಗೋಡೆ ಇರಲಿಲ್ಲ.

ಅದೇ ವರ್ಷ ಕೇಂದ್ರ ಸರ್ಕಾರ ತೆರಿಗೆ ಹಂಚಿಕೆಯ ಕಾನೂನನ್ನು ಬದಲಿಸಿ ವಿಯೆನ್ನಾದ ಪಾಲನ್ನು ಕಡಿತಗೊಳಿಸಿತು. ರಾಜಧಾನಿಗೆ ಅತಿ ಹೆಚ್ಚು ಸಿಗುತ್ತಿದೆ ಎಂಬುದು ಇತರ ಪ್ರಾಂತ್ಯಗಳ ಬಹಳ ದಿನಗಳ ದೂರು. ಅದರಲ್ಲಿ ಹುರುಳಿಲ್ಲವೆನ್ನಲಾಗದು, ಆದರೆ ಅದರ ಹಿಂದೆ ರಾಜಕೀಯ ಲೆಕ್ಕಾಚಾರವೂ ಇತ್ತು. ಮನೆ ಕಟ್ಟುವ ವೇಗ ಇಳಿಯಿತು. 1932ರಲ್ಲಿ ಬ್ರೈಟ್ನರ್ ಹುದ್ದೆ ಬಿಟ್ಟರು. 1933ರ ಮಾರ್ಚಿನಲ್ಲಿ ಪ್ರಧಾನಿ ಎಂಗೆಲ್‌ಬರ್ಟ್ ಡೋಲ್‌ಫುಸ್ ಸಂಸತ್ತನ್ನು ಬದಿಗೊತ್ತಿ ಸುಗ್ರೀವಾಜ್ಞೆಗಳ ಮೂಲಕ ಆಳತೊಡಗಿದರು; ಆ ಆಜ್ಞೆಗಳಲ್ಲಿ ಹಲವು ನಗರದ ಬೊಕ್ಕಸಕ್ಕೇ ಕೈ ಹಾಕಿದವು.

1934ರ ಫೆಬ್ರುವರಿ 12ರಂದು ಸೋಷಿಯಲ್ ಡೆಮಾಕ್ರಾಟರ ಸಶಸ್ತ್ರ ಪಡೆಗೂ ಸರ್ಕಾರಕ್ಕೂ ಕಾಳಗ ಶುರುವಾಯಿತು. ಕಾರ್ಲ್ ಮಾರ್ಕ್ಸ್ ಹೋಫ್ ಮೇಲೆ, ಒಳಗೆ ಸಂಸಾರಗಳಿರುವಾಗಲೇ, ಸೇನೆ ಫಿರಂಗಿ ಹಾರಿಸಿತು. ಮೇಯರ್ ಸೈಟ್ಸ್ ಅವರನ್ನು ಪುರಭವನದಲ್ಲೇ ಬಂಧಿಸಲಾಯಿತು. ಕೆಲವೇ ದಿನಗಳಲ್ಲಿ ಎಲ್ಲ ಮುಗಿಯಿತು. ಪಕ್ಷ ನಿಷೇಧವಾಯಿತು, ನಗರಸಭೆ ವಿಸರ್ಜನೆಯಾಯಿತು, ವಿಯೆನ್ನಾ ತನ್ನ ಪ್ರಾಂತ್ಯದ ಸ್ಥಾನವನ್ನೂ ಕಳೆದುಕೊಂಡಿತು.

ಈ ಕಥೆಯ ಮುಖ್ಯ ವ್ಯಕ್ತಿಗಳ ಕೊನೆಯೂ ದುಃಖಕರ. ಟಾಂಡ್ಲರ್ 1936ರಲ್ಲಿ ಮಾಸ್ಕೋದಲ್ಲಿ ತೀರಿಕೊಂಡರು. ಯಹೂದಿ ಮೂಲದ ಡಾನೆಬರ್ಗ್ 1938ರಲ್ಲಿ ನಾಜಿಗಳ ಕೈಗೆ ಸಿಕ್ಕಿ 1942ರಲ್ಲಿ ಆಶ್ವಿಟ್ಸ್‌ನಲ್ಲಿ ಹತರಾದರು. ದೇಶ ಬಿಟ್ಟು ಅಮೆರಿಕ ಸೇರಿದ್ದ ಬ್ರೈಟ್ನರ್ 1946ರಲ್ಲಿ, ತಮ್ಮ ಊರನ್ನು ಮತ್ತೆ ಕಾಣದೆಯೇ, ಅಲ್ಲಿಯೇ ಕಣ್ಣು ಮುಚ್ಚಿದರು.

ಆದರೆ ಮನೆಗಳು ಉಳಿದವು. ಎರಡನೇ ಮಹಾಯುದ್ಧದ ನಂತರ ವಿಯೆನ್ನಾ ಮತ್ತೆ ಪ್ರಾಂತ್ಯವಾಯಿತು, ಮತ್ತೆ ಮನೆ ಕಟ್ಟತೊಡಗಿತು. 2004ರಲ್ಲಿ ನಿಂತಿದ್ದ ನಗರಸಭೆಯ ನೇರ ನಿರ್ಮಾಣಕ್ಕೆ 2015ರಲ್ಲಿ ಮರುಚಾಲನೆ ದೊರೆತು, ಹೊಸ ಕಾಲದ ಮೊದಲ ಕಟ್ಟಡ 2019ರಲ್ಲಿ ಮುಗಿಯಿತು. ಇಂದು ಸುಮಾರು 2 ಲಕ್ಷ 20 ಸಾವಿರ ಬಾಡಿಗೆ ಮನೆಗಳು ನಗರಸಭೆಯ ಸ್ವತ್ತು. ಮತ್ತೆ 20 ಲಕ್ಷ ಮುಟ್ಟಿರುವ ಜನಸಂಖ್ಯೆಯಲ್ಲಿ ಹೆಚ್ಚುಕಡಿಮೆ ಕಾಲು ಭಾಗ ಅವುಗಳಲ್ಲಿ ವಾಸಿಸುತ್ತಿದೆ. 1920ರ ದಶಕದಲ್ಲಿ ಅಗ್ಗಕ್ಕೆ ಕೊಂಡ ಜಾಗ, ಸಾಲವಿಲ್ಲದೆ ಕಟ್ಟಿದ ಗೋಡೆ ಅವುಗಳ ತಳಪಾಯ.

ಜನರಿಗೆ ಮನೆ ಬೇಕು, ಆಸ್ಪತ್ರೆ ಬೇಕು, ನೆಮ್ಮದಿಯಾಗಿ ಓಡಾಡುವ ಬೀದಿ ಬೇಕು ಎಂಬುದು ವಿಯೆನ್ನಾದವರು ಮಾತ್ರ ಕಂಡುಕೊಂಡ ಸತ್ಯವೇನಲ್ಲ. ಯಾವ ನಗರಸಭೆಯೂ ಅದನ್ನು ಅಲ್ಲಗಳೆಯುವುದಿಲ್ಲ. ಅಲ್ಲಿ ವಿಶೇಷವಾಗಿದ್ದುದು ಅದಕ್ಕೆ ಬೇಕಾದ ಹಣವನ್ನು ತಾನೇ ಎತ್ತುವ ಹಕ್ಕು, ಯಾರಿಂದ ಎತ್ತುತ್ತಿದ್ದೇವೆಂದು ಹೇಳುವ ಧೈರ್ಯ. ಆ ಹಕ್ಕು ಇದ್ದಷ್ಟು ಕಾಲ ಮನೆಗಳು ಎದ್ದವು. ಅದು ಮೊಟಕಾದಾಗ ಕೆಲಸವೂ ಮೊಟಕಾಯಿತು. ಫಿರಂಗಿ ಬಂದದ್ದು ಅದಾದ ಮೂರು ವರ್ಷಗಳ ಮೇಲೆ.